ಧಾರವಾಡದಿಂದ ಹೊಸರಿತ್ತಿಗೆ: ಸಹಿ ಹಾಕಿದವರ ಜಾಡಿನಲ್ಲಿ

ಫ್ಯಾಸಿಸಂ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸಮವಸ್ತ್ರದ ಮೆರವಣಿಗೆ, ಚಾಚಿದ ಕೈ, ಕೊನೆಗೆ ಸಾವಿನ ಶಿಬಿರ. ಇವತ್ತಿನ ರಾಜಕೀಯವನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಒಬ್ಬರಿಗೆ ಎಲ್ಲವೂ ಹಾಗೇ ಕಾಣುತ್ತದೆ, ಇನ್ನೊಬ್ಬರಿಗೆ ಏನೂ ಹಾಗೆ ಕಾಣುವುದಿಲ್ಲ. ಇಬ್ಬರೂ ಎಡವುವುದು ವರ್ಷದ ಆಯ್ಕೆಯಲ್ಲಿ. ಇಂದಿನದನ್ನು ಸಾವಿನ ಶಿಬಿರಗಳ 1942ರ ಜೊತೆ ಇಟ್ಟರೆ ಏನೂ ತಿಳಿಯದು. 1921ರ ಇಟಲಿ, 1932ರ ಜರ್ಮನಿಯ ಜೊತೆ ಇಡಬೇಕು. ಆಗ ಅಲ್ಲಿ ಸಂಸತ್ತು, ಕೋರ್ಟು, ಪತ್ರಿಕೆ, ಸಂಘ ಎಲ್ಲವೂ ಇದ್ದವು. ಮುಸೊಲಿನಿಯಾಗಲಿ ಹಿಟ್ಲರನಾಗಲಿ ಬಹುಮತ ಗೆದ್ದು ಕುರ್ಚಿ ಹಿಡಿದವರಲ್ಲ. ಫ್ಯಾಸಿಸ್ಟರಲ್ಲದ ದೊಡ್ಡ ಮಂದಿ ಸಹಿ ಹಾಕಿ ಅಧಿಕಾರ ಒಪ್ಪಿಸಿದರು.

ಹಾಗಾಗಿ ಧಾರವಾಡದಿಂದ ಹೊಸರಿತ್ತಿಯವರೆಗಿನ ಈ ಐದು ದಿನದ ದಾರಿಯ ಪ್ರತಿ ಊರಿನಲ್ಲಿ ಕೇಳುವ ಪ್ರಶ್ನೆ ಒಂದೇ: ಸಹಿ ಯಾರದು, ತಡೆಯಬಹುದಾಗಿದ್ದವರು ಯಾರು? ಜೊತೆಗೆ ಬೇಕಾದದ್ದು ಸಂವಿಧಾನದ ಕನ್ನಡ ಪ್ರತಿ. ಅದರಲ್ಲಿ 22, 243ಇ, 352 ಮತ್ತು 356ನೇ ವಿಧಿಗಳಿಗೆ ಗುರುತು ಹಾಕಿರಲಿ. ಒಂದು ನೋಟುಬುಕ್ಕಿನಲ್ಲಿ ಘಟನೆ, ಬಳಸಿದ ಕಾನೂನು, ಸಹಿ ಹಾಕಿದವರು, ಸುಮ್ಮನಿದ್ದವರು ಎಂದು ನಾಲ್ಕು ಕಾಲಂ ಗೆರೆ ಎಳೆದುಕೊಳ್ಳಬೇಕು. ಇಟಲಿ, ಜರ್ಮನಿಯದು ಎಡಪುಟಕ್ಕೆ, ನಮ್ಮದು ಬಲಪುಟಕ್ಕೆ. ಬಲಪುಟದಲ್ಲಿ ಏನೂ ಸಿಗದಿದ್ದರೆ ಖಾಲಿ ಬಿಡಬೇಕು. ಖಾಲಿ ಜಾಗ ತುಂಬಲೇಬೇಕೆಂಬ ಹಟಕ್ಕೆ ಬಿದ್ದರೆ ಹೋಲಿಕೆ ಬೈಗುಳವಾಗಿಬಿಡುತ್ತದೆ.

ಮೊದಲ ದಿನ: ಧಾರವಾಡ

ಬೆಳಗ್ಗೆ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಶುರು. 1890ರಲ್ಲಿ ಹುಟ್ಟಿದ ಸಂಘ. ಮುಂಬೈ ಪ್ರಾಂತದೊಳಗೆ ಕನ್ನಡಕ್ಕೊಂದು ನೆಲೆ ಬೇಕೆಂದು ಕಟ್ಟಿದ್ದು. ಇಲ್ಲಿಂದ ಹೊರಡುವುದಕ್ಕೆ ಕಾರಣವಿದೆ. ನಾಡು, ನುಡಿಯ ಹೆಮ್ಮೆಯನ್ನೆಲ್ಲ ಫ್ಯಾಸಿಸಂ ಎಂದು ಕರೆಯುವುದು ಈ ವಿಷಯದಲ್ಲಿ ಆಗುವ ಮೊದಲ ತಪ್ಪು. ಏಕೀಕರಣದ ಚಳವಳಿ ಗಡಿ ಕೇಳಿತು, ಆಡಳಿತ ಕನ್ನಡದಲ್ಲಿ ಬೇಕೆಂದಿತು. ಒಳಗಿನ ಜನರಲ್ಲಿ ಯಾರು ನಿಜವಾದ ಪ್ರಜೆ, ಯಾರಲ್ಲ ಎಂದು ಜರಡಿ ಹಿಡಿಯಲಿಲ್ಲ. ಫ್ಯಾಸಿಸಂ ಜರಡಿಯಿಂದಲೇ ಶುರುವಾಗುತ್ತದೆ.

ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯ. ವಚನ ಸಾಹಿತ್ಯದ ಸಂಶೋಧಕ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಎಂ. ಕಲಬುರ್ಗಿ ಇಲ್ಲಿ ಪಾಠ ಹೇಳಿದವರು. 2015ರ ಆಗಸ್ಟ್ 30ರ ಬೆಳಗ್ಗೆ ಕಲ್ಯಾಣನಗರದ ಮನೆ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮನೆ ಖಾಸಗಿಯವರದು, ಆ ಓಣಿಗೆ ಹೋಗಿ ನಿಲ್ಲುವ ಅಗತ್ಯವಿಲ್ಲ. ಅವರ ಕೆಲಸ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಎಡಪುಟದಲ್ಲಿ ಬರೆಯಬೇಕಾದ್ದು ಜರ್ಮನಿಯ ಲೆಕ್ಕ. 1919ರಿಂದ 1922ರವರೆಗೆ ನಡೆದ ರಾಜಕೀಯ ಕೊಲೆಗಳನ್ನು ಎಮಿಲ್ ಗುಂಬೆಲ್ ಎಂಬ ಗಣಿತಜ್ಞ ಒಂದೊಂದಾಗಿ ಪಟ್ಟಿ ಮಾಡಿದ. ಬಲಪಂಥೀಯರು ಮಾಡಿದ್ದು 354, ಎಡಪಂಥೀಯರು ಮಾಡಿದ್ದು 22. ಬಲಪಂಥೀಯರ 354ರಲ್ಲಿ 326ಕ್ಕೆ ಶಿಕ್ಷೆಯೇ ಆಗಲಿಲ್ಲ. ಹಿಂದಿನ ಹಣಕಾಸು ಮಂತ್ರಿ ಎರ್ಜ್‌ಬರ್ಗರ್ 1921ರಲ್ಲಿ, ವಿದೇಶಾಂಗ ಮಂತ್ರಿ ರಾಟೆನೌ 1922ರಲ್ಲಿ ಕೊಲೆಯಾದರು. 1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿದ ಹಿಟ್ಲರನಿಗೆ ಸಿಕ್ಕಿದ್ದು ಐದೇ ವರ್ಷದ ಶಿಕ್ಷೆ. ಆತ ಆಸ್ಟ್ರಿಯಾದ ಪ್ರಜೆ, ಕಾನೂನಿನ ಪ್ರಕಾರ ಗಡೀಪಾರು ಮಾಡಬಹುದಿತ್ತು, ನ್ಯಾಯಾಲಯ ಮಾಡಲಿಲ್ಲ. 1924ರ ಡಿಸೆಂಬರ್ 20ಕ್ಕೆ ಹೊರಗೆ ಬಂದ. ಆ ತೀರ್ಪಿಗೆ ಸಹಿ ಹಾಕಿದವರು ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ, ಹಳೆಯ ಕಾಲದ ದೇಶಭಕ್ತ ನ್ಯಾಯಾಧೀಶರು. ದಂಗೆ ಎದ್ದ ಹುಡುಗರ ಉದ್ದೇಶ ಒಳ್ಳೆಯದು ಎಂಬ ಅವರ ಭಾವನೆಯೇ ಪೆಟ್ಟು ಕೊಟ್ಟಿತು.

ಕಲಬುರ್ಗಿ ಪ್ರಕರಣದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದದ್ದು 2019ರಲ್ಲಿ, ಕೊಲೆಯಾಗಿ ನಾಲ್ಕು ವರ್ಷಕ್ಕೆ. ಬಲಪುಟದಲ್ಲಿ ಅಷ್ಟನ್ನೇ ಬರೆಯಬೇಕು. ಆರೋಪಿ ಬೇರೆ, ಅಪರಾಧಿ ಬೇರೆ. ಇಲ್ಲಿ ಅಳೆಯುವುದು ಸರ್ಕಾರದ ಬಣ್ಣವನ್ನಲ್ಲ. ಕೊಲೆಗೂ ತೀರ್ಪಿಗೂ ನಡುವೆ ಹೋಗುವ ಕಾಲವನ್ನು, ಆ ಕಾಲದಲ್ಲಿ ಕೊಂದವರನ್ನು ಮೆಚ್ಚಿ ಮಾತಾಡಲು ಎಷ್ಟು ಮಂದಿಗೆ ಧೈರ್ಯ ಬಂತು ಎಂಬುದನ್ನು. ಬ್ರೆಜಿಲ್‌ನದನ್ನೂ ಪಕ್ಕದಲ್ಲಿ ಬರೆದಿಡಬಹುದು: 2023ರ ಜನವರಿ 8ರಂದು, ಚುನಾವಣೆಯಲ್ಲಿ ಸೋತ ಅಧ್ಯಕ್ಷನ ಬೆಂಬಲಿಗರು ರಾಜಧಾನಿಯಲ್ಲಿ ದಾಳಿ ಮಾಡಿದರು. ಅದೇ ಜೂನ್‌ನಲ್ಲಿ ಅಲ್ಲಿನ ಚುನಾವಣಾ ನ್ಯಾಯಾಲಯ, ಮತಯಂತ್ರದ ಬಗ್ಗೆ ಸುಳ್ಳು ಸಂಶಯ ಬಿತ್ತಿದ್ದಕ್ಕಾಗಿ ಆ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಎಂಟು ವರ್ಷ ಚುನಾವಣೆಗೆ ನಿಲ್ಲದಂತೆ ತೀರ್ಪು ಕೊಟ್ಟಿತು. ಮ್ಯೂನಿಕ್ ಕೋರ್ಟು ಮಾಡದೆ ಬಿಟ್ಟದ್ದು ಇಂಥದ್ದನ್ನೇ.

ಸಂಜೆ ಆಕಾಶವಾಣಿಯ ಮುಂದಿನ ರಸ್ತೆ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾದದ್ದು. 1933ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ 76 ಮಾರ್ಕಿಗೆ ಅಗ್ಗದ ರೇಡಿಯೊ ಮಾರಾಟಕ್ಕೆ ಬಂತು. ಅದರ ಮಾದರಿ ಸಂಖ್ಯೆ 301, ಹಿಟ್ಲರ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ ಜನವರಿ 30ರ ಗುರುತು. ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟು ತೆಗೆದರು, ಮರುದಿನ ಬೆಳಗ್ಗೆ ಪ್ರಧಾನಿಯ ದನಿ ಆಕಾಶವಾಣಿಯಲ್ಲಿ ಬಂತು. ಒಂದೇ ಬಾಯಿ, ಉಳಿದವರೆಲ್ಲ ಕಿವಿ.

ಎರಡನೆಯ ದಿನ: ಹುಬ್ಬಳ್ಳಿ

ಧಾರವಾಡದಿಂದ ಚಿಗರಿ ಬಸ್ಸು ಹತ್ತಿದರೆ ಸುಮಾರು 20 ಕಿ.ಮೀ. ಹುಬ್ಬಳ್ಳಿಯಲ್ಲಿ ಮೊದಲು ಬರೆದುಕೊಳ್ಳಬೇಕಾದ ಹೆಸರು ಎಸ್. ಆರ್. ಬೊಮ್ಮಾಯಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ, 1988ರಿಂದ ಮುಖ್ಯಮಂತ್ರಿ. ಅವರ ಹೆಸರಿನ ಮೊಕದ್ದಮೆಯನ್ನು 1932ರ ಪ್ರಷ್ಯಾದ ಪಕ್ಕದಲ್ಲಿಟ್ಟು ಓದಿದರೆ ಸಿಗುವ ಬೆಳಕು ಬೇರೆ ಯಾವ ಹೋಲಿಕೆಯಲ್ಲೂ ಸಿಗದು.

1932ರ ಪ್ರಷ್ಯಾ ಜರ್ಮನಿಯ ಅತಿ ದೊಡ್ಡ ರಾಜ್ಯ. ದೇಶದ ಜನಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲು ಅಲ್ಲೇ. ಸೋಷಿಯಲ್ ಡೆಮಾಕ್ರಟ್ ಪಕ್ಷದ ಓಟ್ಟೊ ಬ್ರೌನ್ ಸರ್ಕಾರದ ಕೈಯಲ್ಲಿ ದೇಶದ ದೊಡ್ಡ ಪೊಲೀಸ್ ಪಡೆ ಇತ್ತು. ಜುಲೈ 17ರಂದು ಆಲ್ಟೊನಾದಲ್ಲಿ ನಾಜಿ ಮೆರವಣಿಗೆಯ ವೇಳೆ ಗಲಭೆಯಾಗಿ 18 ಮಂದಿ ಸತ್ತರು. ಕಾನೂನು ಸುವ್ಯವಸ್ಥೆ ಕೆಟ್ಟಿದೆಯೆಂದು ಹೇಳಿ ಚಾನ್ಸಲರ್ ಪಾಪೆನ್ 20ರಂದು ಅಲ್ಲಿನ ಸಂವಿಧಾನದ ತುರ್ತು ಅಧಿಕಾರದ 48ನೇ ವಿಧಿಯ ಕೆಳಗೆ ಆ ಸರ್ಕಾರವನ್ನು ಕಿತ್ತುಹಾಕಿದ. ಸಹಿ ಅಧ್ಯಕ್ಷ ಹಿಂಡೆನ್‌ಬರ್ಗ್‌ನದು. ಬ್ರೌನ್ ಪಕ್ಷದವರು ಮುಷ್ಕರ ಹೂಡಲಿಲ್ಲ, ಕೋರ್ಟಿಗೆ ಹೋದರು. ಅಕ್ಟೋಬರ್ 25ಕ್ಕೆ ಬಂದ ತೀರ್ಪು ಅರೆಬರೆ: ಹಳೆಯ ಸರ್ಕಾರಕ್ಕೆ ಹೆಸರು ಉಳಿಯಿತು, ಆಡಳಿತ ಕೇಂದ್ರದ ಕಮಿಷನರ್ ಕೈಯಲ್ಲೇ ಉಳಿಯಿತು. ಮುಂದಿನ ಜನವರಿಯಲ್ಲಿ ಹಿಟ್ಲರ್ ಬಂದಾಗ ಪ್ರಷ್ಯಾದ ಪೊಲೀಸರು ಅವನ ಮಂತ್ರಿ ಗೋರಿಂಗ್ ಕೈಗೆ ಸಿದ್ಧವಾಗಿ ಸಿಕ್ಕರು. ಫೆಬ್ರುವರಿ 22ಕ್ಕೆ ಆತ ಪಕ್ಷದ ಮತ್ತು ಅದರ ಮಿತ್ರರ ದಳಗಳಿಂದ 50,000 ಮಂದಿಯನ್ನು ಸಹಾಯಕ ಪೊಲೀಸರನ್ನಾಗಿ ಮಾಡಿದ. ಬೀಗ ಒಡೆದದ್ದು ಪಾಪೆನ್, ಒಳಗೆ ಬಂದದ್ದು ಇನ್ನೊಬ್ಬ.

1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡ 19 ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗೆ ಬಂದವು. 19ರಂದು ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನ ಆ 19ರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆದರೆಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯ ಕೆಳಗೆ ಸರ್ಕಾರ ವಜಾ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜರ್ಮನಿಯ ಕೋರ್ಟು ಮುಚ್ಚದೆ ಬಿಟ್ಟ ಬಾಗಿಲನ್ನು ನಮ್ಮ ಕೋರ್ಟು ಬಹುಪಾಲು ಮುಚ್ಚಿತು. ಆದರೆ ಐದು ವರ್ಷ ತಡವಾಗಿ. ಬೊಮ್ಮಾಯಿ ಸರ್ಕಾರ ಮರಳಿ ಬರಲಿಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ಊಟ ಮುಗಿಸಿ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ ಕಡೆ ಹೊರಡಬೇಕು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ, ಗೇಟಿನ ಹೊರಗೆ ನಿಂತೇ ನೋಡಬೇಕು. ದೇಶದ ರೈಲ್ವೆ ಕಾರ್ಮಿಕರು 1974ರ ಮೇ 8ರಿಂದ 27ರವರೆಗೆ ಮುಷ್ಕರ ನಡೆಸಿದರು, ಸಾವಿರಾರು ಮಂದಿ ಜೈಲು ಸೇರಿದರು. ಅಲ್ಲಿಂದ ತುರ್ತು ಪರಿಸ್ಥಿತಿಗೆ ಹದಿಮೂರೇ ತಿಂಗಳು. ಜರ್ಮನಿಯ ಕಾರ್ಮಿಕ ಸಂಘಗಳ ಒಕ್ಕೂಟ ಇದಕ್ಕೆ ತೀರ ಉಲ್ಟಾ ನಡೆದುಕೊಂಡಿತು. ಹಿಟ್ಲರ್ 1933ರ ಮೇ 1ನ್ನು ರಜೆ ಎಂದು ಸಾರಿದಾಗ ಸದಸ್ಯರೆಲ್ಲ ಮೆರವಣಿಗೆಗೆ ಹೋಗಿ ಎಂದು ಕರೆ ಕೊಟ್ಟಿತು. ತಗ್ಗಿ ನಡೆದರೆ ಸಂಘ ಉಳಿದೀತೆಂಬ ಲೆಕ್ಕ. ಮೇ 2ರ ಬೆಳಗ್ಗೆ ಅದರ ಕಚೇರಿಗಳೆಲ್ಲ ಪಕ್ಷದ ದಳಗಳ ವಶವಾದವು.

ಕೊನೆಗೆ ಬೆಂಗೇರಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಹೊಲಿಯುವ ಜಾಗ. 1957ರ ಸಂಘ. ಧ್ವಜದ ಅಳತೆ 3:2. ಒಂಬತ್ತು ಗಾತ್ರ, ಅತಿ ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಅತಿ ಚಿಕ್ಕದು 6 ಇಂಚು ಉದ್ದ 4 ಇಂಚು ಅಗಲ. ನೂಲಿನ ಎಣಿಕೆ, ಬಣ್ಣ, ಚಕ್ರದ 24 ಅರೆಗಳ ಅಚ್ಚು, ಹೊಲಿಗೆ, ಹಗ್ಗ ಎಲ್ಲದಕ್ಕೂ ಮಾನಕ ಸಂಸ್ಥೆಯ ಅಳತೆಯಿದೆ. ಹೊಂದದ ಬಟ್ಟೆ ವಾಪಸು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಆಮೇಲೆ ಕೈನೂಲಿನ ಧ್ವಜಕ್ಕೆ ಬೇಡಿಕೆ ಕುಗ್ಗಿತು. ನೂಲುವವರ, ನೇಯುವವರ, ಹೊಲಿಯುವ ಹೆಣ್ಣುಮಕ್ಕಳ ದುಡಿಮೆಗೆ ಪೆಟ್ಟು ಬಿತ್ತು. ಇದನ್ನು ನೋವಿನಿಂದಲೇ ಬರೆಯಬೇಕಾಗಿದೆ.

ಜರ್ಮನಿಯಲ್ಲಿ ಧ್ವಜವೇ ಜಗಳವಾಗಿತ್ತು. ಗಣರಾಜ್ಯದ್ದು ಕಪ್ಪು-ಕೆಂಪು-ಚಿನ್ನದ ಬಣ್ಣ, ಹಳೆಯ ಚಕ್ರಾಧಿಪತ್ಯದ್ದು ಕಪ್ಪು-ಬಿಳಿ-ಕೆಂಪು. 1926ರಲ್ಲಿ ಚಾನ್ಸಲರ್ ಹಾನ್ಸ್ ಲೂಥರ್ ಧ್ವಜದ ಆದೇಶವೊಂದರ ಸಲುವಾಗಿಯೇ ಅಧಿಕಾರ ಕಳೆದುಕೊಂಡ. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್‌ನಲ್ಲಿ ಮೂರು ಕಾನೂನುಗಳು ಒಟ್ಟಿಗೇ ಬಂದವು: ಸ್ವಸ್ತಿಕವೇ ದೇಶದ ಧ್ವಜ ಎಂದು ಒಂದು, ಯಾರು ಪೌರರು ಎಂದು ಒಂದು, ಯಹೂದಿಯರ ಜೊತೆ ಮದುವೆ ನಿಷೇಧಿಸಿ ಒಂದು. ಯಹೂದಿಯರು ದೇಶದ ಧ್ವಜ ಹಾರಿಸಬಾರದೆಂದೂ ಅದರಲ್ಲೇ ಬರೆದಿತ್ತು. ಧ್ವಜ ಎಲ್ಲರದ್ದಾಗಿರುವವರೆಗೆ ಅದು ಬಟ್ಟೆ, ಬಣ್ಣ, ಗೌರವ. ಇವರಿಗೆ ಹಕ್ಕಿಲ್ಲ ಎಂದಾಗಲೀ, ಇವರು ಹಾರಿಸಿ ತೋರಿಸಲಿ ಎಂದಾಗಲೀ ಶುರುವಾದ ದಿನ ಅದು ಜರಡಿಯಾಗುತ್ತದೆ. ಇದೇ ಊರಿನ ಈದ್ಗಾ ಮೈದಾನದಲ್ಲಿ ಧ್ವಜದ ವಿವಾದ ನಡೆದು, 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಪ್ರಾಣಗಳು ಹೋದವು. ಈ ಸಾಲನ್ನು ಬಲಪುಟದಲ್ಲಿ ಬರೆಯದೆ ಹುಬ್ಬಳ್ಳಿ ಬಿಡಲಾಗದು.

ಮೂರನೆಯ ದಿನ: ನವಲಗುಂದ, ನರಗುಂದ

ಹುಬ್ಬಳ್ಳಿಯಿಂದ ಉತ್ತರಕ್ಕೆ ಎರೆಹೊಲಗಳ ನಡುವೆ ದಾರಿ. ಬೇಗ ಮುಗಿಯುವ ದಿನ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ ಹೇರಿದರು. ಕೆಲವು ಹೊಲಗಳಿಗೆ ನೀರೇ ಸರಿಯಾಗಿ ಬಂದಿರಲಿಲ್ಲ. ಜುಲೈ 21ರಂದು ಚಳವಳಿ ಹೊತ್ತಿಕೊಂಡು ಗೋಲಿಬಾರ್ ಆಯಿತು. ಪ್ರತಿ ವರ್ಷ ಆ ದಿನ ನರಗುಂದದ ರೈತ ವೀರಗಲ್ಲಿಗೆ ಮಂದಿ ಬರುತ್ತಾರೆ. ಆ ದಿನ ಹೋದರೆ ಬಸ್ಸು ತಡವಾಗುತ್ತದೆ, ಬೆಳಗ್ಗೆ ಬೇಗ ಹೊರಡಬೇಕು.

ನಾಜಿಗಳ ಮತ ಮೊದಲು ಉಬ್ಬಿದ್ದು ಇಂಥ ಹಳ್ಳಿಗಳಲ್ಲೇ. ಉತ್ತರ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಹಂದಿ, ದನದ ಬೆಲೆ ಕುಸಿದು, ಸಾಲದ ಬಡ್ಡಿ ಏರಿ, ತೆರಿಗೆ ಬಾಕಿಗೆ ಜಪ್ತಿ ಶುರುವಾಯಿತು. 1928ರಲ್ಲಿ ಅಲ್ಲಿ ನಾಜಿಗಳಿಗೆ ಬಿದ್ದದ್ದು ಶೇ. 4ರಷ್ಟು ಮತ, 1932ರ ಜುಲೈಯಲ್ಲಿ ಶೇ. 51. ಸಂಕಟ ಎರಡೂ ಕಡೆ ಒಂದೇ ಥರ, ಹರಿದ ದಿಕ್ಕು ಬೇರೆ. ಇಲ್ಲಿ ಅದು ಅದೇ ವರ್ಷ ಹುಟ್ಟಿದ ರೈತ ಸಂಘದ ಹಸಿರು ಶಾಲಿಗೆ ಬಂತು, 1983ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ರೈತನಿಗೆ ತನ್ನದೇ ಸಂಘ ಇತ್ತು, ಬೈಯಲು ಸರ್ಕಾರವಿತ್ತು. ನೆರೆಮನೆಯವನನ್ನು ಶತ್ರು ಎಂದು ತೋರಿಸುವವರ ಮಾತಿಗೆ ಅವತ್ತು ಜಾಗ ಸಿಗಲಿಲ್ಲ. ಸಂಘ ಒಡೆದು ಹೋಳಾದ ಮೇಲೆ ಆ ಜಾಗ ಖಾಲಿಯಾಗಿದೆ ಎಂಬುದೇ ಇಂದಿನ ಚಿಂತೆ.

ನಾಲ್ಕನೆಯ ದಿನ: ಗದಗ, ಕಣಗಿನಹಾಳ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರ ಮೇ 8ರಂದು ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು, 1904ರ ಕಾಯ್ದೆಯ ಕೆಳಗೆ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಎಲ್ಲರೂ ಹೇಳುವ ಊರು. ಫ್ಯಾಸಿಸಂ ಓದುವವರು ಇಲ್ಲಿಗೇಕೆ ಬರಬೇಕೆಂದರೆ, ಇಟಲಿಯ ಫ್ಯಾಸಿಸ್ಟರು ಮೊದಲು ಸುಟ್ಟಿದ್ದು ಇಂಥ ಸಂಘಗಳನ್ನು.

ಪೋ ನದಿಯ ಬಯಲಿನಲ್ಲಿ ಕೂಲಿಕಾರರ ಸಂಘಗಳು ಕೂಲಿ ದರ ನಿಗದಿ ಮಾಡುತ್ತಿದ್ದವು, ಸಹಕಾರಿ ಅಂಗಡಿಗಳು ಸಾಹುಕಾರರ ಲಾಭಕ್ಕೆ ಕತ್ತರಿ ಹಾಕಿದ್ದವು. ಜಮೀನುದಾರರು ದುಡ್ಡು, ಲಾರಿ ಕೊಟ್ಟರು. ರಾತ್ರಿ ಪಕ್ಕದ ಜಿಲ್ಲೆಯಿಂದ ಫ್ಯಾಸಿಸ್ಟರ ಕಪ್ಪಂಗಿ ದಳ ಬಂದು ಕಟ್ಟಡಕ್ಕೆ ಬೆಂಕಿ ಇಟ್ಟು, ಮುಖಂಡನನ್ನು ಹೊಡೆದು ಹೋಗುತ್ತಿತ್ತು. ಪೊಲೀಸರು ತಡವಾಗಿ ಬಂದು, ಪೆಟ್ಟು ತಿಂದವರ ಮೇಲೇ ಕೇಸು ಹಾಕಿದ್ದೂ ಉಂಟು. 1921ರ ಮೊದಲ ಆರು ತಿಂಗಳಲ್ಲೇ ನಾಶವಾದದ್ದು 107 ಸಹಕಾರ ಸಂಘ, 119 ಕಾರ್ಮಿಕ ಭವನ, 83 ರೈತಕೂಲಿ ಸಂಘ, 17 ಪತ್ರಿಕೆ ಹಾಗೂ ಮುದ್ರಣಾಲಯ. ಅದೇ ಮೇ ತಿಂಗಳ ಚುನಾವಣೆಯಲ್ಲಿ ಪ್ರಧಾನಿ ಜೊಲಿಟ್ಟಿ ಈ ಮಂದಿಯನ್ನು ತನ್ನ ಕೂಟಕ್ಕೆ ಸೇರಿಸಿಕೊಂಡ. ಫ್ಯಾಸಿಸ್ಟರು 35 ಸ್ಥಾನ ಪಡೆದು ಸಂಸತ್ತಿನೊಳಗೆ ಬಂದರು. ಪಳಗಿಸಿಕೊಳ್ಳಬಹುದೆಂದು ನಂಬಿದ ಹಳೆಯ ಉದಾರವಾದಿಯ ಸಹಿ ಅದು.

ಎರಡನೆಯ ಹಂತದಲ್ಲಿ ಬೆಂಕಿ ಬೇಕಾಗಲಿಲ್ಲ. 1923ರ ನವೆಂಬರ್‌ನಲ್ಲಿ ಅಚೆರ್ಬೊ ಕಾನೂನು ಬಂತು: ಶೇ. 25 ಮತ ದಾಟಿ ಮುಂದಿರುವ ಅಭ್ಯರ್ಥಿಗಳ ಪಟ್ಟಿಗೆ ಸಂಸತ್ತಿನ ಮೂರನೇ ಎರಡು ಸ್ಥಾನ. 1926ರ ಫೆಬ್ರುವರಿಯಲ್ಲಿ ಚಿಕ್ಕ ಊರುಗಳ ಚುನಾಯಿತ ಮೇಯರ್ ಹುದ್ದೆ ರದ್ದಾಗಿ ಸರ್ಕಾರ ನೇಮಿಸಿದ ಪೊದೆಸ್ತಾ ಬಂದ, ಅದೇ ವರ್ಷ ದೊಡ್ಡ ನಗರಗಳಿಗೂ. ಹಂಗೇರಿಯಲ್ಲಿ 2010ರಲ್ಲಿ ಫಿದೆಸ್ ಪಕ್ಷ ಸುಮಾರು ಶೇ. 53 ಮತಕ್ಕೆ ಮೂರನೇ ಎರಡು ಸ್ಥಾನ ಪಡೆದು, ಮರುವರ್ಷ ಸಂವಿಧಾನವನ್ನೇ ಬದಲಿಸಿ, ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿತು. ಅಲ್ಲಿ ಕಟ್ಟಡ ಸುಡಲಿಲ್ಲ, ರಕ್ತ ಹರಿಯಲಿಲ್ಲ. ಹೋಲಿಕೆ ನಿಲ್ಲುವುದು ಎರಡನೆಯ ಹಂತಕ್ಕೆ ಮಾತ್ರ.

ನಮ್ಮ ಬಲಪುಟಕ್ಕೆ ಇಲ್ಲೊಂದು ಸಾಲು ಇದೆ, ಯಾವ ಪಕ್ಷಕ್ಕೂ ಹಿತವಾಗದ್ದು. ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುತ್ತದೆ 243ಇ ವಿಧಿ. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಆ ನಡುವೆ ಸರ್ಕಾರ ನಡೆಸಿದ್ದು ಎರಡು ಬೇರೆ ಬೇರೆ ಪಕ್ಷಗಳು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ತಕರಾರು ಎಂಬ ಕಾರಣಗಳು. ಇದು ಫ್ಯಾಸಿಸಂ ಅಲ್ಲ. ಆದರೆ ಚುನಾಯಿತ ಸದಸ್ಯರಿಲ್ಲದ ಜಿಲ್ಲಾ ಪಂಚಾಯಿತಿ ಜನರಿಗೆ ರೂಢಿಯಾಗಿಬಿಟ್ಟರೆ, ಪೊದೆಸ್ತಾ ಬಂದ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ಗದಗಿನ ಮುದ್ರಣಾಲಯಗಳ ಓಣಿ. ಮುದ್ರಣ ಕಾಶಿ ಎಂದು ಹೆಸರಾದ ಊರು. ಚುನಾವಣೆಯ ಕರಪತ್ರ ಅಚ್ಚು ಹಾಕಲು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಏನು ಕೇಳುತ್ತದೆಂದು ಇಲ್ಲಿ ಯಾವ ಮುದ್ರಕರಾದರೂ ಹೇಳುತ್ತಾರೆ: ಪ್ರಕಾಶಕರಿಂದ ಇಬ್ಬರ ಸಾಕ್ಷಿ ಸಹಿಯುಳ್ಳ ಘೋಷಣೆ, ಹಾಳೆಯ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ, ಜಿಲ್ಲಾಧಿಕಾರಿಗೆ ಒಂದು ಪ್ರತಿ. ತಪ್ಪಿದರೆ ಆರು ತಿಂಗಳವರೆಗೆ ಸಜೆ ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಮಾತು ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಆಗಿ ಬಂದಾಗ ಕೆಳಗೆ ಯಾರ ಹೆಸರೂ ಇರುವುದಿಲ್ಲ. ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್‌ನ ರೇಡಿಯೊ ಸುಳ್ಳು ಹೇಳಿದರೂ ಯಾರ ದನಿ ಎಂದು ಗೊತ್ತಿತ್ತು. ಇಲ್ಲಿ ಸಹಿಯೇ ಇಲ್ಲ. ಎಡಪುಟದಲ್ಲಿ ಜೋಡಿಯಿಲ್ಲದ, ನಮ್ಮ ಕಾಲಕ್ಕೆ ಹೊಸದಾದ ಸಂಗತಿ ಇದು.

ಐದನೆಯ ದಿನ: ಹಾವೇರಿ, ಹೊಸರಿತ್ತಿ

ಹಾವೇರಿಯಲ್ಲಿ ಮೈಲಾರ ಮಹಾದೇವಪ್ಪನವರ ಸ್ಮಾರಕ ನೋಡಿ ಹೊಸರಿತ್ತಿಗೆ. 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿ, ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು; ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಆಗ ದೇಶದಲ್ಲಿ 1939ರ ಭಾರತ ರಕ್ಷಣಾ ಕಾಯ್ದೆ ಜಾರಿಯಲ್ಲಿತ್ತು, ವಿಚಾರಣೆಯಿಲ್ಲದೆ ಮಂದಿಯನ್ನು ಒಳಗೆ ಹಾಕುವ ಕಾಯ್ದೆ. ಆಳುವವರು ಬದಲಾದರೂ ಆ ಆಯುಧ ಉಳಿಯಿತು. 1975ರಲ್ಲಿ ಶುರುವಾದ ತುರ್ತು ಪರಿಸ್ಥಿತಿಯಲ್ಲಿ ಮೀಸಾ ಎಂಬ ಆಂತರಿಕ ಭದ್ರತಾ ಕಾಯ್ದೆ ಮತ್ತು ಭಾರತ ರಕ್ಷಣೆಯ ನಿಯಮಗಳ ಹೆಸರಲ್ಲಿ 1 ಲಕ್ಷ ಮೀರಿ ಮಂದಿ ಜೈಲು ಕಂಡರು.

ಮೂರು ಸಹಿಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುವುದು ಈ ದಿನದ ಕೆಲಸ. 1922ರ ಅಕ್ಟೋಬರ್ 28ರ ಬೆಳಗ್ಗೆ ಪ್ರಧಾನಿ ಫಾಕ್ಟಾ ಸೇನಾಡಳಿತದ ಆದೇಶ ತಂದಾಗ ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ರೋಮ್‌ಗೆ ಹೊರಟಿದ್ದ ಕಪ್ಪಂಗಿಗಳನ್ನು ಸೈನ್ಯ ತಡೆಯಲಿಲ್ಲ, 30ಕ್ಕೆ ಮುಸೊಲಿನಿ ಪ್ರಧಾನಿ. 1933ರ ಫೆಬ್ರುವರಿ 28ರಂದು, ಸಂಸತ್ ಭವನ ಸುಟ್ಟ ಮರುದಿನ, ಹಿಂಡೆನ್‌ಬರ್ಗ್ ಸಹಿ ಹಾಕಿ ಜರ್ಮನ್ನರ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟ. ಆಮೇಲೂ ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 43.9. 23ರಂದು ಸಂಸತ್ತು ಕಾನೂನು ಮಾಡುವ ತನ್ನ ಅಧಿಕಾರವನ್ನೇ ಹಿಟ್ಲರ್ ಸರ್ಕಾರಕ್ಕೆ ಬರೆದುಕೊಟ್ಟಿತು. ವಿರೋಧಿಸಿದ್ದು 94 ಸೋಷಿಯಲ್ ಡೆಮಾಕ್ರಟ್ ಸದಸ್ಯರು ಮಾತ್ರ, ಕಮ್ಯುನಿಸ್ಟ್ ಸದಸ್ಯರಿಗೆ ಬಾಗಿಲೇ ಮುಚ್ಚಿತ್ತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದಾಗ ಮಂತ್ರಿಮಂಡಲ ಇನ್ನೂ ಸೇರಿರಲಿಲ್ಲ. ಅದು ಒಪ್ಪಿದ್ದು ಮರುದಿನ ಬೆಳಗ್ಗೆ.

ನಮ್ಮದು ಇಟಲಿಯೂ ಆಗಲಿಲ್ಲ, ಜರ್ಮನಿಯೂ ಆಗಲಿಲ್ಲ. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದು ಸರ್ಕಾರ ಸೋತಿತು. ಸೋತ ಮೇಲೆ ದೇಶ ರಿಪೇರಿ ಮಾಡಿಕೊಂಡಿತು. 1978ರ 44ನೇ ತಿದ್ದುಪಡಿ ತುರ್ತು ಪರಿಸ್ಥಿತಿ ಘೋಷಿಸುವ 352ನೇ ವಿಧಿಯಲ್ಲಿ ಆಂತರಿಕ ಗಲಭೆ ಎಂಬುದನ್ನು ತೆಗೆದು ಸಶಸ್ತ್ರ ಬಂಡಾಯ ಎಂದು ಬರೆಯಿತು. ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಬರದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. 20 ಮತ್ತು 21ನೇ ವಿಧಿಗಳ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ.

ಹೊಸರಿತ್ತಿಯಲ್ಲಿ ಕೂತು ತೆರೆಯಬೇಕಾದದ್ದು 22ನೇ ವಿಧಿ. ವಿಚಾರಣೆಯಿಲ್ಲದೆ ಒಬ್ಬರನ್ನು ಸಲಹಾ ಮಂಡಳಿಯ ಒಪ್ಪಿಗೆ ಬರುವ ಮೊದಲು ಮೂರು ತಿಂಗಳವರೆಗೆ ಬಂಧನದಲ್ಲಿಡಬಹುದು ಎನ್ನುತ್ತದೆ ಅದು. ಇದನ್ನು ಎರಡು ತಿಂಗಳಿಗೆ ಇಳಿಸಲು, ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಿ, ಹಾಲಿ ನ್ಯಾಯಮೂರ್ತಿಯನ್ನೇ ಅದರ ಅಧ್ಯಕ್ಷರನ್ನಾಗಿ ಮಾಡಲು 44ನೇ ತಿದ್ದುಪಡಿಯ 3ನೇ ಕಲಂ ಹೇಳಿತು. ಸಂಸತ್ತು ಅದನ್ನು ಒಪ್ಪಿದೆ, ರಾಷ್ಟ್ರಪತಿಯ ಅಂಕಿತವೂ ಬಿದ್ದಿದೆ. ಜಾರಿಯ ದಿನಾಂಕವನ್ನು ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕಿತ್ತು. 1978ರ ನಂತರ ಬಂದ ಯಾವ ಪಕ್ಷದ ಸರ್ಕಾರವೂ ಆ ಅಧಿಸೂಚನೆಗೆ ಸಹಿ ಹಾಕಿಲ್ಲ.